ಅಂಗೈಗೆ ಕೇಳಿದ ಹಾಡು

ಗುಬ್ಬಿಯ ಈ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೊಂಟಕ್ಕೆ ತೆಂಗಿನ ನಾರಿನ ಗಂಟು ಕಟ್ಟಿಕೊಂಡ ರೇವಮ್ಮ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದಾರೆ. ಓಣಿಯ ಆ ತುದಿಯಲ್ಲಿ ಮಗಳು ರಂಗಲಕ್ಷ್ಮಿ ರಾಟೆ ತಿರುಗಿಸುತ್ತಾಳೆ. ಇವರ ಬೆರಳ ಸಂದಿಯಿಂದ ನಾರು ಹುರಿಯಾಗಿ ಹೊರಡುತ್ತದೆ. ಹಾಲಿನವನ ಸೈಕಲ್ಲು ಬೆಲ್ ಬಾರಿಸುತ್ತಾ ರೇವಮ್ಮನ ಬೆನ್ನ ಹಿಂದೆಯೇ ಬರುತ್ತದೆ. ಅವರು ತಿರುಗಿ ನೋಡುವುದಿಲ್ಲ. ಮಗಳು ಕೂಗುವುದೂ ಇಲ್ಲ. ಹುರಿಯನ್ನು ಎರಡು ಸಲ ಮೆಲ್ಲಗೆ ಜಗ್ಗುತ್ತಾಳೆ, ಅಷ್ಟೆ. ರೇವಮ್ಮ ಗೋಡೆಗೆ ಸರಿದು ನಿಲ್ಲುತ್ತಾರೆ, ಸೈಕಲ್ಲು ಹಾದು ಹೋಗುತ್ತದೆ, ಮತ್ತೆ ಹೆಜ್ಜೆ ಹಿಂದಕ್ಕೆ.

ರೇವಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ಹಿಡಿಯಲಾಗದ್ದನ್ನು ಮಗಳು ಕೈಸನ್ನೆಯಲ್ಲಿ ದಾಟಿಸುತ್ತಾಳೆ. ನಲವತ್ತೈದರ ಈ ಹೆಂಗಸು ದಿನಕ್ಕೆ ಎಪ್ಪತ್ತು ಹುರಿ ಹೊಸೆಯುತ್ತಾರೆ, ಒಂದೊಂದೂ ಹನ್ನೆರಡು ಮಾರು. ಅಂದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ಮೈಲಿ ಹಿಂದುಹಿಂದಕ್ಕೇ ನಡಿಗೆ. “ಮುಂದಕ್ ನಡ್ದಿದ್ರೆ ಇಷ್ಟೊತ್ಗೆ ಕಾಶಿ ನೋಡ್ಕೊಂಡು ವಾಪಸ್ ಬಂದಿರ್ತಿದ್ದೆ ಬುಡಿ” ಎಂದು ಓಣಿಗೆಲ್ಲ ಕೇಳುವಂತೆ ನಗುತ್ತಾರೆ. ತಮ್ಮ ದನಿ ಎಷ್ಟು ಜೋರು ಎಂಬುದು ಪಾಪ ಅವರಿಗೆ ತಿಳಿಯದು.

ತವರು ಹಾಗಲವಾಡಿ. ಗಂಡ ದಾಸಯ್ಯ ತೀರಿಕೊಂಡಾಗ ಮಗಳಿಗೆ ಎರಡು ವರ್ಷ. ಹೊಟ್ಟೆಪಾಡಿಗೆ ಸೇರಿದ್ದು ನಾರಿನ ಕಾರ್ಖಾನೆ, ಅದು ಈಗ ಮುಚ್ಚಿದೆ. ಕಾಯಿಮಟ್ಟೆ ಜಜ್ಜುವ ಮೆಷಿನ್ನಿನ ಬಾಯಿಗೆ ಮಟ್ಟೆ ತುಂಬುವ ಕೆಲಸ. ಎಂಟು ವರ್ಷ ಅದರ ಅಬ್ಬರದ ಪಕ್ಕದಲ್ಲೇ ನಿಂತರು. “ಮೊದ್ಲು ಹಕ್ಕಿ ಸದ್ದು ಹೋಯ್ತು. ಆಮ್ಯಾಕೆ ಎಸರು ಕುದಿಯೋ ಸದ್ದು. ಕೊನೇಗೆ ಇವಳ ಹಾಡು.”

ಹತ್ತು ವರ್ಷದ ರಂಗಲಕ್ಷ್ಮಿ ಆಗ ಸೋಬಾನೆ ಪದಗಳನ್ನು ಹಾಡಿದರೆ ಬೀದಿಯವರು ಬಾಗಿಲಿಗೆ ಬರುತ್ತಿದ್ದರು. ಒಂದು ದಿನ ಹಾಡು ಮುಗಿಸಿ ನೋಡಿದರೆ, ಅವ್ವ ಇನ್ನೂ ಶುರುವಾಗಲಿ ಎಂದು ಕಾಯುತ್ತಾ ಕೂತಿದ್ದರು. ಅವತ್ತಿಗೆ ಹುಡುಗಿ ಹಾಡು ನಿಲ್ಲಿಸಿದಳು. “ಅವ್ವಂಗೇ ಕೇಳ್ದೇ ಇರೋ ಹಾಡು ಯಾಕ್ ಬೇಕು ಅನ್ನುಸ್ತು” ಎನ್ನುತ್ತಾಳೆ. ಮುಂದೆ ಎಂಟು ವರ್ಷ ಆ ಮನೆಯಲ್ಲಿ ಹಾಡಿಲ್ಲ. ರೇವಮ್ಮನಿಗೆ ಕಿವಿ ಹೋದದ್ದಕ್ಕಿಂತ ಇದೇ ದೊಡ್ಡ ಸಂಕಟ.

ಆ ಎಂಟನೇ ವರ್ಷ, ೧೯೮೨ರಲ್ಲಿ, ಹೊರದೇಶದ ಹೆಸರಾಂತ ರಾಕ್ ಬ್ಯಾಂಡೊಂದು ಬೆಂಗಳೂರಿನ ಸ್ಟೇಡಿಯಮ್ಮಿಗೆ ಬಂತು. ಜನ ಕುಣಿದು ಹುಲ್ಲು ಹಾಳಾಗಬಾರದೆಂದು ನೆಲಕ್ಕೆಲ್ಲ ನಾರಿನ ಚಾಪೆ ಹಾಸಬೇಕಿತ್ತು. ತುಮಕೂರಿನ ಚಾಪೆ ವ್ಯಾಪಾರಿ ನಯಾಜ್ ಅಹಮದ್ ಲಾರಿಯಲ್ಲಿ ಚಾಪೆಯ ಜೊತೆ ಆರು ಹೆಂಗಸರನ್ನೂ ಕರೆದೊಯ್ದರು. ಚಾಪೆ ಚಾಪೆಗೆ ದಬ್ಬಳದಿಂದ ಹೊಲಿಗೆ ಹಾಕಬೇಕು, ಕಾರ್ಯಕ್ರಮ ನಡೆಯುವಾಗ ಬಿಚ್ಚಿದರೆ ಮತ್ತೆ ಹೊಲಿಯಬೇಕು. ಲಾರಿ ಎತ್ತರದ ಸ್ಪೀಕರ್ ಪೆಟ್ಟಿಗೆಗಳ ಬಳಿ ಕೂರಲು ಯಾರೂ ಒಪ್ಪಲಿಲ್ಲ. ನಯಾಜ್ ಸಾಹೇಬರು ರೇವಮ್ಮನ ಕಡೆ ತಿರುಗಿದರು: “ನಿಂಗೆ ಹೆಂಗೂ ಕೇಳ್ಸಲ್ವಲ್ಲಮ್ಮಾ, ನೀನೇ ಅಲ್ಲಿ ಕೂತ್ಕೋ.”

ಕೂತರು. ಸಂಜೆ ಉದ್ದ ಕೂದಲಿನ ನಾಲ್ವರು ವೇದಿಕೆಗೆ ಬಂದರು, ಡ್ರಮ್ಮಿನ ಮೊದಲ ಏಟು ಬಿತ್ತು. ಚಾಪೆಯ ಮೇಲಿದ್ದ ಅಂಗೈ ಝುಮ್ಮೆಂದಿತು.

“ಅಯ್ಯೋ, ಮಟ್ಟೆ ಮೆಷಿನ್ನೇ ಇಲ್ಲಿಗೂ ಬಂತಾ ಅಂತ ಜೀವ ಹೋಯ್ತು. ಆದ್ರೆ ಮೆಷಿನ್ನು ನಿಲ್ತಿರ್ಲಿಲ್ಲ ಕಣ್ರೀ. ಇದು ನಿಲ್ತಿತ್ತು, ಮತ್ತೆ ಬರ್ತಿತ್ತು. ಎದೆಗೂಡಿನೊಳ್ಗೇ ಬಂದು ಕೂತ್ಕಂತು. ಹಾಡಲ್ವಾ ಅದು!”

ಹುಡುಗ ಹುಡುಗಿಯರು ಹುಚ್ಚೆದ್ದು ಕುಣಿಯುತ್ತಿದ್ದರು. ದಬ್ಬಳ ಹಿಡಿದ ಹೆಂಗಸೊಬ್ಬರು ಅವರ ಕಾಲ ಬುಡದಲ್ಲಿ ಅಂಗೈ ಊರಿ ಬಿಕ್ಕಿ ಬಿಕ್ಕಿ ಅಳುತ್ತಿದ್ದುದನ್ನು ಯಾರೂ ನೋಡಲಿಲ್ಲ. ನೋಡಿದ್ದು ನಯಾಜ್ ಸಾಹೇಬರೊಬ್ಬರೇ. ಹೆದರಿದೆಯಾ ಎಂದು ಸನ್ನೆಯಲ್ಲಿ ಕೇಳಿದರೆ, “ಕೇಳುಸ್ತಾ ಐತೆ ಅಣ್ಣ, ಕೇಳುಸ್ತಾ ಐತೆ” ಎಂದರಂತೆ.

ಮರುದಿನ ಮನೆಗೆ ಬಂದವರೇ ಕೈಚೀಲವನ್ನೂ ಇಳಿಸದೆ, ರೊಟ್ಟಿ ತಟ್ಟುತ್ತಿದ್ದ ಮಗಳ ಬೆನ್ನಿಗೆ ಅಂಗೈ ಇಟ್ಟರು.

“ಹಾಡು.”

“ಯಾರ್ಗವ್ವಾ?” ಮಗಳು ತಿರುಗಿ ಕೇಳಿದಳು.

“ನಂಗೆ ಕಣೇ.”

ಅವತ್ತು ರೊಟ್ಟಿ ಸೀದುಹೋಯಿತು ಎನ್ನುತ್ತಾಳೆ ರಂಗಲಕ್ಷ್ಮಿ.

ಈಗ ನಾಲ್ಕು ವರ್ಷವಾಗಿದೆ. ಸುತ್ತಿನ ಮದುವೆ ಮನೆಗಳಲ್ಲಿ ಮಗಳು ಹಾಡುತ್ತಾಳೆ, ಬೆನ್ನ ಹಿಂದೆ ಅಂಗೈ ಇಟ್ಟು ತಾಯಿ ಕೂತಿರುತ್ತಾರೆ. ತಾಳ ತಪ್ಪಿದರೆ ಅಲ್ಲೇ ಒಂದು ತಿವಿತ. ಮುಂದಿನ ತಿಂಗಳು ರಂಗಲಕ್ಷ್ಮಿಯದೇ ಮದುವೆ, ಗಂಡು ಕುಣಿಗಲ್ಲಿನವನು. ಆಮೇಲೆ ರಾಟೆಗೆ ಪಕ್ಕದ ಮನೆಯ ಕೊಲ್ಲಾಪುರಮ್ಮ ಬರುತ್ತಾರೆ. ಎರಡು ಸಲ ಜಗ್ಗುವುದನ್ನು ಆಗಲೇ ಕಲಿಸಿಯಾಗಿದೆ.

ಬಿಸಿಲು ಏರಿದ ಮೇಲೆ ಜಗುಲಿಯಲ್ಲಿ ಬಂದವರು ಒಂದು ಪದ ಹಾಡೆಂದರೆ ಮಗಳು ಸಂಕೋಚವಿಲ್ಲದೆ ಹಾಡುತ್ತಾಳೆ. ಕೇಳುವ ಕಿವಿಗಳಿಗೆ ದನಿ ತಿಳಿಯಾಗಿದೆ, ಎಲ್ಲೂ ಒಡೆಯುವುದಿಲ್ಲ. ಬೆನ್ನಿಗೆ ಅಂಗೈ ಇಟ್ಟು ಕೂತ ರೇವಮ್ಮನ ಮುಖ ಮಾತ್ರ ಮೆಲ್ಲಗೆ ಬದಲಾಗುತ್ತದೆ.

“ಯಾಕ್ ಮಗಳೇ, ಒಳ್ಗೊಳ್ಗೇ ಅಳ್ತಾ ಇದೀಯಾ?”

ಹಾಡು ನಿಲ್ಲುತ್ತದೆ. ರಂಗಲಕ್ಷ್ಮಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ತಾಯಿ ಕೈ ತೆಗೆಯುವುದಿಲ್ಲ.

“ಕುಣಿಗಲ್ ಏನ್ ದೂರ್ವೇ? ಬಸ್ ಹತ್ತುದ್ರೆ ಬಂದ್ಬುಡ್ತೀನಿ. ಈ ಸಲ ಮಾತ್ರ ನಿಲ್ಲುಸ್ಬ್ಯಾಡ ಕಣೇ. ಹಾಡು, ನಂಗ್ ಕೇಳುಸ್ತೈತೆ.”