ಮಿಲ್ಲಿಯ ಕಾಲ್ಗುಣ

ಲೂಯಿ ಮ್ಲಾಕರ್ ಹೆಸರು ಹೇಳಿದರೆ ಸೇಂಟ್ ಕ್ಲೇರ್ ರಸ್ತೆಯಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ "ಪಾಪ" ಅನ್ನುತ್ತಾರೆ. ಮೂವತ್ತೆಂಟು ವರ್ಷ ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತ ಮನುಷ್ಯ. ಒಂದು ದಿನ ತಡವಾಗಿ ಹೋದವನಲ್ಲ, ಅಲ್ಲಿ ಯಾರ ಮೇಲೂ ದನಿ ಎತ್ತಿದವನಲ್ಲ. ಆದರೆ ಸೆಪ್ಟೆಂಬರ್ ಬಂದು ನಮ್ಮ ತಂಡ ಮೈದಾನಕ್ಕಿಳಿಯಿತೋ, ಲೂಯಿಯ ಮೈಮೇಲೆ ಏನೋ ಬಂದಂತೆ ಆಗಿಬಿಡುತ್ತಿತ್ತು. ನಮ್ಮ ತಂಡದ ಕಥೆ ಏನು ಹೇಳಲಿ! ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಎದುರಾಳಿಗಳ ಗೆರೆ ದಾಟಲು ಓಡುವ ಆಟಕ್ಕೆ, ಚೆಂಡು ಹಿಡಿಯಲು ಗೊತ್ತಿಲ್ಲದವರನ್ನೇ ದೇಶವೆಲ್ಲ ಹುಡುಕಿ ತರುತ್ತಾರೆ. ಎರಡು ವರ್ಷಕ್ಕೊಬ್ಬ ಹೊಸ ಕೋಚ್, ಪ್ರತಿ ವರ್ಷ ಹೊಸ ಭರವಸೆ, ಸೋಲು ಮಾತ್ರ ಹಳೆಯದೇ.

ಇಂಥ ತಂಡವನ್ನು ಕಟ್ಟಿಕೊಂಡವರು ಏನು ಮಾಡಬೇಕು? ಮೈದಾನದೊಳಗೆ ನಮ್ಮ ಆಟ ನಡೆಯುವುದಿಲ್ಲ, ಹಾಗಾಗಿ ಶಕುನಗಳನ್ನು ಹಿಡಿದುಕೊಂಡು ಕೂರುತ್ತೇವೆ. ಸ್ಟೇಡಿಯಮ್ಮಿನಲ್ಲಿ ಲೂಯಿಯ ಹಿಂದಿನ ಸಾಲಿನಲ್ಲಿ ಕೂರುವ ಬಸ್ ಡ್ರೈವರ್ ಓಟಿಸ್, ತಂಡ ಗೆಲ್ಲುವ ತನಕ ಗಡ್ಡ ತೆಗೆಯುವುದಿಲ್ಲ. ಕೆಲವು ವರ್ಷ ಅವನ ಮುಖವೇ ನಮಗೆ ಕಾಣುವುದಿಲ್ಲ. ಲೂಯಿಯದು ಕೈಗವಸಿನ ನೇಮ. ಹದಿನೆಂಟರ ಪ್ರಾಯದಲ್ಲಿ ಒಮ್ಮೆ ಕೈಗವಸು ಮನೆಯಲ್ಲಿ ಮರೆತು ಬಂದ ದಿನ ತಂಡ ಗೆದ್ದಿತ್ತು. ಅಂದಿನಿಂದ ಊರಂಚಿನ ಸರೋವರದ ಮೇಲಿಂದ ಹಿಮಗಾಳಿ ಬೀಸಿದರೂ ಬರಿಗೈಯಲ್ಲೇ ಕೂರುವುದು. ಇನ್ನು ಅವನ ಅಪ್ಪ ಹಾಕಿಕೊಟ್ಟ ನೇಮವೊಂದಿತ್ತು: ಆಟದ ಕೊನೆಯ ಕಾಲುಭಾಗದಲ್ಲಿ ಯಾರೂ ಸೀಟು ಬಿಟ್ಟು ಏಳಕೂಡದು. ಬಾಯಾರಿದರೂ ಸರಿ, ಒಂದಕ್ಕೆ ಬಂದರೂ ಸರಿ.

ಆ ಅಪ್ಪ ಸಾಯುವಾಗ ಬಿಟ್ಟು ಹೋದದ್ದು ಒಂದು ಮರದ ಮನೆ, ಒಂದು ಅಕಾರ್ಡಿಯನ್ ವಾದ್ಯ, ವರ್ಷಾವರ್ಷ ಹಣ ಕಟ್ಟಿ ಉಳಿಸಿಕೊಳ್ಳುವಂಥ, ಸ್ಟೇಡಿಯಮ್ಮಿನಲ್ಲಿ ಅಕ್ಕಪಕ್ಕದ ಎರಡು ಸೀಟು. ಸೀಟುಗಳನ್ನು ಮಗನಿಗೊಂದು, ಮಗಳಿಗೊಂದು ಅಂತ ಬರೆದಿಟ್ಟಿದ್ದ. ಮಗಳು ಮಿಲ್ಲಿ, ಲೂಯಿಗಿಂತ ಐದು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಲೂಯಿಗೆ ಏಳು ವರ್ಷ. ಅವನಿಗೆ ಉಣಿಸಿದವಳು, ತಲೆ ಬಾಚಿದವಳು, ಶಾಲೆಗೆ ಕಳಿಸಿದವಳು ಅವಳೇ. ಆಟದ ವಿಷಯದಲ್ಲೂ ಅಷ್ಟೇ. ಎದುರಾಳಿಗಳು ಚೆಂಡನ್ನು ಯಾವ ಕಡೆ ಎಸೆಯುತ್ತಾರೆಂದು ಕೋಚ್‌ಗಿಂತ ಮೊದಲು ಹೇಳಬಲ್ಲವಳು. ಎಂಟು ವರ್ಷ ಅಕ್ಕ ತಮ್ಮ ಇಬ್ಬರೂ ಒಂದೇ ಕಂಬಳಿ ಹೊದ್ದು ಆ ಸೀಟುಗಳಲ್ಲಿ ಕೂತರು.

ಮೂವತ್ತಮೂರು ವರ್ಷದ ಹಿಂದಿನ ಜನವರಿಯ ಪಂದ್ಯವನ್ನು ನಮ್ಮೂರಿನವರಿಗೆ ನೆನಪಿಸಬೇಡಿ, ಊಟ ಸೇರುವುದಿಲ್ಲ. ಅದನ್ನು ಗೆದ್ದಿದ್ದರೆ ದೇಶದ ಫೈನಲ್‌ಗೆ ಒಂದೇ ಮೆಟ್ಟಿಲು. ಎರಡು ನಿಮಿಷ ಉಳಿದಿತ್ತು, ನಮ್ಮವರು ನಾಲ್ಕು ಅಂಕ ಮುಂದಿದ್ದರು. ಲೂಯಿಯ ಬೆರಳುಗಳು ನೀಲಿಗಟ್ಟಿದ್ದು ಮಿಲ್ಲಿಯ ಕಣ್ಣಿಗೆ ಬಿತ್ತು. ಅಪ್ಪನ ನೇಮ ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೂ ಎದ್ದಳು, ಹೋಗಿ ಬಿಸಿ ಕಾಫಿ ತಂದಳು. ಅವಳು ಬಂದು ಕೂತು ಲೋಟವನ್ನು ಅವನ ಕೈಗಿಟ್ಟದ್ದಕ್ಕೂ, ಎದುರಾಳಿಗಳು ಎಸೆದ ಚೆಂಡು ಮೈದಾನದ ಅರ್ಧ ಉದ್ದ ಹಾರಿ ಅವರವನ ಕೈಸೇರಿದ್ದಕ್ಕೂ ಸರಿಹೋಯಿತು. ಅವನು ಗೆರೆ ದಾಟಿದ, ನಮ್ಮವರು ಸೋತರು, ಮುಗಿಯಿತು ಕಥೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಲೂಯಿ ಆ ಕಾಫಿಯನ್ನು ಮೆಟ್ಟಿಲ ಮೇಲೆ ಚೆಲ್ಲಿದ.

"ನಿನ್ ಕಾಲ್ಗುಣಾನೇ ಸರಿಯಿಲ್ಲ ಕಣೆ! ಗಂಡ ನಿಲ್ಲಲಿಲ್ಲ, ಈಗ ಗೆಲುವೂ ನಿಲ್ಲಲಿಲ್ಲ. ನೀನು ಕಾಲಿಟ್ಟ ಕಡೆ ಏನೂ ನಿಲ್ಲಲ್ಲ. ಇನ್ಮೇಲೆ ಇಲ್ಲಿಗೆ ಬರ್ಬೇಡ ಹೋಗು!"

ಮಿಲ್ಲಿಯ ಗಂಡ ಅವಳನ್ನು ಬಿಟ್ಟುಹೋಗಿ ಆಗ ವರ್ಷವೂ ಆಗಿರಲಿಲ್ಲ. ಸುತ್ತಲಿದ್ದ ಎರಡು ಸಾಲಿನವರಿಗೂ ಆ ಮಾತು ಕೇಳಿಸಿತು. ಮಿಲ್ಲಿ ಕಂಬಳಿಯನ್ನು ನೀಟಾಗಿ ಮಡಿಚಿ ಸೀಟಿನ ಮೇಲಿಟ್ಟು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಲೂಯಿಗೆ ಒಡೆದ ಸದ್ದೂ ಕೇಳಿಸಲಿಲ್ಲ. ಆಗಸ್ಟಿನಲ್ಲಿ ಹೊಸ ಟಿಕೆಟ್ ಬಂದಾಗ ಅವಳದನ್ನು ಅವಳಿಗೆ ಕಳಿಸಲೂ ಇಲ್ಲ. ಆ ಸೀಟಿನ ಮೇಲೆ ತನ್ನ ಕೋಟು ಇಟ್ಟುಕೊಂಡು ಕೂತ.

ತಂಡ ಉದ್ಧಾರವಾಯಿತೇ? ಎಲ್ಲಿಯ ಮಾತು! ಮುಂದಿನ ವರ್ಷ ಮೂರೇ ಗೆಲುವು, ಅದರ ಮುಂದಿನ ವರ್ಷ ನಾಲ್ಕು. ಒಂದು ದಿನ ಓಟಿಸ್ ಕೇಳಿಯೇ ಬಿಟ್ಟ: "ಅಲ್ಲ ಗುರೂ, ನಿಮ್ಮಕ್ಕ ಮನೇಲಿದ್ರೂ ಸೋಲ್ತಿದಾರಲ್ಲ, ಈಗ ಯಾರನ್ನ ಓಡಿಸೋಣ? ನಿನ್ನ ಕೋಟನ್ನಾ?" ಸಾಲಿಗೆ ಸಾಲೇ ನಕ್ಕಿತು. ಲೂಯಿಯೂ ನಕ್ಕ. ಆದರೆ ಅಕ್ಕನ ಮನೆಗೆ ಹೋಗಿ ತಪ್ಪಾಯಿತು ಅನ್ನುವ ಒಂದು ಮಾತು, ನಾಳೆ ನಾಳೆ ಅನ್ನುತ್ತಾ ಉಳಿದುಹೋಯಿತು. ಕ್ರಿಸ್‌ಮಸ್‌ಗೆ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು, ಹವೆ ಬಗ್ಗೆ ಮಾತಾಡುತ್ತಿದ್ದರು, ಆಟದ ಸುದ್ದಿ ಬಂದರೆ ಮಿಲ್ಲಿ ಪಾತ್ರೆ ತೊಳೆಯಲು ಏಳುತ್ತಿದ್ದಳು.

ಆ ಊಟವೂ ನಿಂತದ್ದು ಒಂಬತ್ತು ವರ್ಷದ ಹಿಂದೆ. ಲೂಯಿಯ ಹೆಂಡತಿ ರೋಸ್‌ಮರಿ ಹೊಟ್ಟೆಯ ಆಪರೇಷನ್ ಆಗಿ ಆರು ವಾರ ಆಸ್ಪತ್ರೆಯಲ್ಲಿದ್ದಳು. ಅತ್ತಿಗೆ ನಾದಿನಿ ಅಂದರೆ ಒಡಹುಟ್ಟಿದವರ ಹಾಗೆ ಇದ್ದವರು. ದಿನಾ ಸಂಜೆ ರೋಸ್‌ಮರಿ "ಮಿಲ್ಲಿ ಬಂದ್ಲಾ?" ಅಂತ ಬಾಗಿಲ ಕಡೆ ನೋಡುತ್ತಿದ್ದಳು. ಮಿಲ್ಲಿ ಬರಲಿಲ್ಲ. ಮನೆಯ ಹೊಸ್ತಿಲ ಮೇಲೆ ವಾರಕ್ಕೊಂದು ಅಕ್ರೋಟಿನ ಸುರುಳಿ ರೊಟ್ಟಿ, ಶುಭ್ರ ಬಟ್ಟೆಯಲ್ಲಿ ಸುತ್ತಿದ್ದು, ಇಟ್ಟು ಹೋಗುತ್ತಿದ್ದಳು ಅಷ್ಟೆ. ರೋಸ್‌ಮರಿ ಹೋದಳು. ಶವಸಂಸ್ಕಾರದ ದಿನ ಮಿಲ್ಲಿ ಚರ್ಚಿನ ಒಳಗೂ ಬರದೆ ರಸ್ತೆಯ ಆಚೆ ನಿಂತಿದ್ದಳು. ಲೂಯಿ, ಎಂಥ ಕಲ್ಲು ಮನಸ್ಸಿನ ಹೆಂಗಸು ಅಂದುಕೊಂಡ. ಅಂದಿನಿಂದ ಮಾತು ಬಿಟ್ಟ. ಈಗ ಅವನಿಗೆ ಅರವತ್ತಾರು, ಅವಳಿಗೆ ಎಪ್ಪತ್ತೊಂದು.

ಈ ವರ್ಷ ನಮ್ಮವರು ಹದಿನೈದು ಪಂದ್ಯದಲ್ಲಿ ಗೆದ್ದದ್ದು ಒಂದು. ಜನ ತಲೆಗೆ ಕಂದು ಕಾಗದದ ಚೀಲ ಹಾಕಿಕೊಂಡು, ಕಣ್ಣಿಗೆ ಎರಡು ತೂತು ಕೊರೆದುಕೊಂಡು ಸ್ಟೇಡಿಯಮ್ಮಿಗೆ ಬರತೊಡಗಿದರು. ಈ ತಂಡದ ಅಭಿಮಾನಿ ಅಂತ ಮುಖ ತೋರಿಸಲು ನಾಚಿಕೆ ನೋಡಿ! ಓಟಿಸ್ ಗಡ್ಡದ ಮೇಲೆಯೇ ಚೀಲ ಹಾಕಿಕೊಂಡ. ಲೂಯಿಗೆ ಮಾತ್ರ ಸಾಕಾಗಿಹೋಗಿತ್ತು. ಮುಂದಿನ ವರ್ಷಕ್ಕೆ ಸೀಟು ಬೇಡ ಅಂತ ತೀರ್ಮಾನಿಸಿದ. ಕಾಗದಕ್ಕೆ ಸಹಿ ಹಾಕಲು ಕೂತಾಗ ನೆನಪಾಯಿತು, ಎರಡನೆಯ ಸೀಟು ತನ್ನದಲ್ಲ. ಅಪ್ಪ ಬರೆದಿಟ್ಟದ್ದು ಅಕ್ಕನಿಗೆ. ಪೆನ್ನು ಕೆಳಗಿಟ್ಟ. ತವರು ಮೈದಾನದ ಕೊನೆಯ ಪಂದ್ಯಕ್ಕೆ ಒಂದೇ ದಿನ ಬಾಕಿ. ಎರಡೂ ಟಿಕೆಟ್ ಜೇಬಿಗೆ ಹಾಕಿಕೊಂಡು ಶನಿವಾರ ಮಧ್ಯಾಹ್ನ ಮಿಲ್ಲಿಯ ಮನೆಯ ಮೆಟ್ಟಿಲು ಹತ್ತಿದ.

ಬಾಗಿಲು ತೆರೆದ ಮಿಲ್ಲಿ ಅವನ ಶೂ ನೋಡಿದಳು. "ಬಾ, ಶೂ ಒರೆಸ್ಕೊಂಡು ಬಾ," ಅಂದಳು. ಒಂಬತ್ತು ವರ್ಷದ ಮೇಲೆ ಮೊದಲ ಮಾತು ಅದು.

ಲೂಯಿ ಟಿಕೆಟ್‌ಗಳನ್ನು ಮೇಜಿನ ಮೇಲಿಟ್ಟ. "ಸೀಟು ಬಿಟ್ಬಿಡ್ತಾ ಇದೀನಿ ಅಕ್ಕ. ನಾಳೇದು ಕೊನೇದು. ನಿನ್ ಸೀಟಲ್ಲಿ ನೀನು ಬಂದು ಕೂತ್ಕೊಬೇಕು."

ಮಿಲ್ಲಿ ಟಿಕೆಟ್‌ಗಳನ್ನು ಅವನ ಕಡೆಗೇ ತಳ್ಳಿದಳು. "ನಾನ್ ಬರಲ್ಲಪ್ಪ. ಸೋತ್ರೆ?"

"ಸೋಲ್ದೇ ಇನ್ನೇನು! ನೀನು ಇಷ್ಟ್ ವರ್ಷ ಟಿವೀಲಿ ನೋಡ್ಲಿಲ್ವಾ, ಅವರ ಚೆಂದಾನ?"

"ಟಿವೀನೂ ನೋಡಲ್ಲ ಕಣೋ. ಭಾನುವಾರ ಆಟ ಶುರುವಾದ್ರೆ ಸರೋವರದ ಕಡೆ ನಡ್ಕೊಂಡು ಹೋಗ್ಬಿಡ್ತೀನಿ. ಮುಗಿದ್ಮೇಲೆ ಬರ್ತೀನಿ. ನಾನು ನೋಡಿ ಅವ್ರು ಸೋಲೋದು ಬೇಡ ಅಂತ."

ಮೂವತ್ತಮೂರು ವರ್ಷ! ಲೂಯಿ, ತಮಾಷೆ ಮಾಡುತ್ತಿದ್ದಾಳೋ ಅಂತ ಅಕ್ಕನ ಮುಖ ನೋಡಿದ. ತಮಾಷೆ ಇರಲಿಲ್ಲ. ಆಗ ಅವನೊಳಗೆ ಬೇರೊಂದು ಅನುಮಾನ ಎದ್ದಿತು. ಕೇಳಲು ಹೆದರಿಕೆ, ಕೇಳದಿರಲು ಆಗದು.

"ಅಕ್ಕ, ರೋಸ್‌ಮರಿ ಆಸ್ಪತ್ರೇಲಿದ್ದಾಗ ನೀನು ಯಾಕೆ ಬರ್ಲಿಲ್ಲ?"

"ಬಂದಿದ್ದೆ ಕಣೋ." ಮಿಲ್ಲಿ ಮೇಜಿನ ಬಟ್ಟೆಯ ಅಂಚನ್ನು ಸವರುತ್ತಿದ್ದಳು. "ಎಷ್ಟೋ ಸಲ ಬಂದಿದ್ದೆ. ಕೆಳಗಡೆ ಬಾಗ್ಲ ತನಕ. ಒಳಗೆ ಕಾಲಿಡಕ್ಕೆ ಧೈರ್ಯ ಬರ್ಲಿಲ್ಲ. ಡಾಕ್ಟ್ರು ಪರವಾಗಿಲ್ಲ ಅಂದಿದ್ರಂತಲ್ಲ, ನಾನು ಹೋಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನಾನು ಕಾಲಿಟ್ಟ ಕಡೆ ಏನೂ ನಿಲ್ಲಲ್ಲ ಅಂತ ನೀನೇ ಹೇಳಿದ್ಯಲ್ಲ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಹೊರಗೆ ಮಂಜು ಬೀಳುತ್ತಿದೆ ಅನ್ನುವ ಹಾಗೆ ಹೇಳಿದಳು. ಲೂಯಿ ಕುರ್ಚಿಯಲ್ಲಿ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

"ತಪ್ಪಾಯ್ತು ಅಕ್ಕ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅದು ಮಾತಲ್ಲ, ಅದಕ್ಕೆ ಅರ್ಥಾನೇ ಇಲ್ಲ."

"ಅಳಬೇಡ್ವೋ, ಮೂಗು ಒರೆಸ್ಕೋ," ಅಂದಳು ಮಿಲ್ಲಿ. ಆದರೆ ಅವಳು ನಂಬಲಿಲ್ಲವೆಂದು ಅವನಿಗೆ ಗೊತ್ತಾಯಿತು. ಮೂವತ್ತಮೂರು ವರ್ಷ ಹೊತ್ತದ್ದನ್ನು ಒಂದು ಮಧ್ಯಾಹ್ನದಲ್ಲಿ ಇಳಿಸಿಡಲು ಆಗುತ್ತದೆಯೇ? ಕಾಡಿ ಬೇಡಿ ಕೊನೆಗೂ ಒಪ್ಪಿಸಿದ. ನಾಳೆ ಅವಳು ಪಕ್ಕದಲ್ಲಿ ಕೂತಿರುವಾಗ ತಂಡ ಒಮ್ಮೆ, ಒಂದೇ ಒಂದು ಸಲ ಗೆದ್ದುಬಿಟ್ಟರೆ ಸಾಕು, ಅವಳ ತಲೆಯಿಂದ ಇದು ಹೋಗುತ್ತದೆ ಅಂದುಕೊಂಡು ಮನೆಗೆ ನಡೆದ.

ಭಾನುವಾರ ಮಿಲ್ಲಿ ಹಳೆಯ ಕಂಬಳಿ ಹಿಡಿದು ಬಂದಳು. ಹಿಂದಿನ ಸಾಲಿನಿಂದ ಕಾಗದದ ಚೀಲವೊಂದು ಬಾಗಿತು. "ಓಹೋ, ಯಜಮಾನ್ತಿ ಬಂದ್ರು! ಅಮ್ಮಾ, ನಿಮ್ ತಮ್ಮನ ಕೋಟಿಗಿಂತ ನೀವೇ ವಾಸಿ. ಅದರ ಕಾಲ್ಗುಣ ನೋಡಿ ನೋಡಿ ಸಾಕಾಗಿದೆ ನಮಗೆ." ಓಟಿಸ್‌ನ ಮಾತಿಗೆ ಮಿಲ್ಲಿಗೂ ನಗು ಬಂತು. ಅರ್ಧ ಆಟ ಆಗುವಷ್ಟರಲ್ಲಿ ಅವಳು ಹಳೆಯ ಮಿಲ್ಲಿಯೇ ಆಗಿದ್ದಳು. "ಎಡಗಡೆ ಬರ್ತಾನೆ ನೋಡು," ಅನ್ನುತ್ತಿದ್ದಳು, ಎಡಗಡೆಯೇ ಬರುತ್ತಿತ್ತು.

ಕೊನೆಯ ಒಂದು ನಿಮಿಷ. ಏನು ಆಶ್ಚರ್ಯವೋ, ನಮ್ಮವರು ಮೂರು ಅಂಕ ಮುಂದಿದ್ದರು. ಚೆಂಡು ನಮ್ಮ ಕೈಯಲ್ಲೇ ಇತ್ತು. ಅದನ್ನು ಅವಚಿಕೊಂಡು ನೆಲದ ಮೇಲೆ ಬಿದ್ದುಕೊಂಡರೂ ಸಾಕು, ಸಮಯ ಮುಗಿದು ಗೆಲುವು. ಜನ ಚೀಲ ಕಿತ್ತೆಸೆದು ಎದ್ದು ನಿಂತರು. ಮಿಲ್ಲಿಯೂ ಎದ್ದಳು, ಆದರೆ ಕಂಬಳಿ ಮಡಿಚತೊಡಗಿದಳು.

"ನಾನು ಆಚೆ ಹೋಗಿರ್ತೀನಿ ಕಣೋ. ಗೆದ್ಬಿಡ್ಲಿ."

"ಕೂತ್ಕೋ ಅಕ್ಕ."

"ಬೇಡ ಲೂಯಿ, ಆಮೇಲೆ ನೀನು..."

"ಸೋತ್ರೆ ಸೋಲ್ಲಿ! ನೀನು ಕೂತ್ಕೋ." ಅವಳ ಮಣಿಕಟ್ಟು ಹಿಡಿದು ಕೂರಿಸಿದ. ದೇವರೇ, ಈ ತಂಡಕ್ಕೋಸ್ಕರ ಅಲ್ಲ, ಇವಳಿಗೋಸ್ಕರ, ಅಂತ ಒಳಗೊಳಗೇ ಬೇಡಿಕೊಂಡ.

ನಮ್ಮವನು ಚೆಂಡು ಹಿಡಿದುಕೊಂಡ. ಎರಡು ಹೆಜ್ಜೆ ಹಾಕಿದ. ಯಾರೂ ಮುಟ್ಟಲಿಲ್ಲ, ಗುದ್ದಲಿಲ್ಲ. ಚೆಂಡು ಕಂಕುಳಿಂದ ಸೋಪಿನ ಹಾಗೆ ಜಾರಿತು. ಎದುರಾಳಿಯೊಬ್ಬ ಬಾಚಿಕೊಂಡು ಮೈದಾನದ ಆ ತುದಿಯವರೆಗೂ ಓಡಿ ಗೆಲುವನ್ನೇ ಕಿತ್ತುಕೊಂಡ. ಅರವತ್ತು ಸಾವಿರ ಜನ ಒಂದೇ ಸಲ ನರಳಿದರು, ಆಮೇಲೆ, ಇನ್ನೇನು ಮಾಡುತ್ತಾರೆ, ನಕ್ಕರು. ಓಟಿಸ್ ಎಸೆದ ಚೀಲವನ್ನು ಹುಡುಕಿ ಮತ್ತೆ ಹಾಕಿಕೊಂಡ.

ಮಿಲ್ಲಿ ತನ್ನ ಕಾಲುಗಳನ್ನೇ ನೋಡುತ್ತಾ ಕೂತಿದ್ದಳು.

"ನನ್ನ ನೋಡು ಅಕ್ಕ," ಅಂದ ಲೂಯಿ. "ಅವ್ರು ಸೋತಿದ್ದು ಅವ್ರಿಗೆ ಆಡಕ್ಕೆ ಬರಲ್ಲ ಅಂತ. ಆವತ್ತೂ ಅಷ್ಟೇ, ಇವತ್ತೂ ಅಷ್ಟೇ. ನೀನು ಕಾಫಿ ತರಕ್ಕೆ ಹೋಗಿದ್ದೆ. ನಿನ್ ತಮ್ಮನ ಕೈ ತಣ್ಣಗಾಗಿತ್ತು ಅಂತ ಹೋಗಿದ್ದೆ. ನೀನು ಮಾಡಿದ್ದು ಅಷ್ಟೇ."

ಜನ ಮೆಟ್ಟಿಲಿಳಿದು ಹೋಗುತ್ತಿದ್ದರು. ಮಿಲ್ಲಿ ತನ್ನ ಕೈಗವಸು ಬಿಚ್ಚಿ, ಚಳಿಗೆ ಸೆಟೆದುಕೊಂಡಿದ್ದ ಅವನ ಬೆರಳುಗಳಿಗೆ ಒಂದೊಂದಾಗಿ ತೊಡಿಸಿದಳು. ಅವನು ಬೇಡ ಅನ್ನಲಿಲ್ಲ.

"ಇದನ್ನ ಆವತ್ತೇ ಹೇಳಿದ್ದಿದ್ರೆ," ಅಂದಳು ಮಿಲ್ಲಿ, "ರೋಸ್‌ಮರೀನ ನೋಡ್ತಿದ್ನಲ್ಲೋ."