ಗುರುಶಾಂತಪ್ಪನವರು ಒರೆಸಿಬಿಟ್ಟ ಕಲೆ

ತ್ಯಾಗರಾಜನಗರದಲ್ಲಿ ನಮ್ಮ ಮನೆಯ ಕೆಳಗೇ ಗುರುಶಾಂತಪ್ಪನವರ ಫೋಟೊ ಸ್ಟುಡಿಯೊ. ತಿಪಟೂರಿನ ಕಡೆಯವರು, ನಲವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಬಂದವರ ಮುಖದಲ್ಲಿ ಮೊಡವೆ, ಸುಕ್ಕು, ಸಿಡುಬಿನ ಗುರುತು ಏನಿದ್ದರೂ ಕೇಳದೆಯೇ ಒರೆಸಿ ಕೊಡುವುದು ಅವರ ಪದ್ಧತಿ. ನನ್ನ ಫೋಟೊದಲ್ಲಿ ಇಪ್ಪತ್ತು ವರ್ಷವನ್ನೇ ಒರೆಸಿದ್ದರು. ಬ್ಯಾಂಕಿನವರು ಇದು ನಿಮ್ಮ ಮಗಳದಾ ಎಂದು ಕೇಳಿದರು. ಜಗಳಕ್ಕೆಂದು ಕೆಳಗಿಳಿದು ಹೋದರೆ ಟೀ ತರಿಸಿ ಕೂರಿಸಿದರು.

ಹೋದ ವರ್ಷ ಅವರ ಮಗಳು ಲಿಖಿತಾ ಹೊಸ ಕ್ಯಾಮೆರಾ ಕೊಡಿಸಿದಳು.

"ಕೆಜಿಎಫ್‌ಗೆ ಹೋಗ್ತಿದೀನಿ ಅಕ್ಕ," ಎಂದರು ಗುರುಶಾಂತಪ್ಪನವರು. "ಗಣಿ ಮುಚ್ಚಿದ್ಮೇಲೆ ಜನ ಬಿಟ್ಟುಹೋದ ಮನೆಗಳು ಸಾಲಾಗಿ ಹಾಳುಬಿದ್ದಿವೆಯಂತೆ. ನಂಗೂ ಮುಖ ನೋಡಿ ನೋಡಿ ಸಾಕಾಗಿದೆ."

ಪೆನ್ಷನ್ ಫೋಟೊಗೆ ಬಂದಿದ್ದ ಕೋಣನಕುಂಟೆಯ ಮಂಗಮ್ಮ ಅದನ್ನು ಕೇಳಿಸಿಕೊಂಡರು. "ನಾನು ಹುಟ್ಟಿದ್ದೇ ಅಲ್ಲಿ ಸಾರ್. ನಮ್ಮಪ್ಪ ಗಣಿಗೆ ಇಳೀತಿದ್ರು. ಮಾರಿಕುಪ್ಪಂ ಸ್ಟೇಷನ್ ಎದುರಿನ ಲೈನಲ್ಲಿ ನಮ್ದು ಕೊನೇ ಮನೆ, ಪಕ್ಕದಲ್ಲಿ ಹುಣಸೆಮರ. ಜಗಲಿ ಗೋಡೆದೊಂದು ಫೋಟೊ ತಂದ್ಕೊಡ್ತೀರಾ?"

"ಬರೀ ಗೋಡೆದಾ?"

"ಹೂಂ. ಬಾಗಿಲ ಎಡಗಡೆದು."

ಯಾಕೆ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಗುರುಶಾಂತಪ್ಪನವರು ಬಿಸಿಲಿಗೆ ಕಪ್ಪಾಗಿ, ಪ್ಯಾಂಟಿನ ತುಂಬ ಮುಳ್ಳು ಅಂಟಿಸಿಕೊಂಡು ಬಂದರು. ಸೂರಿಲ್ಲದ ಮನೆಗಳು, ಒಲೆಯ ಕಟ್ಟೆಯ ಮೇಲೇ ಎದ್ದ ಅತ್ತಿಗಿಡ, ಒಂದೊಂದನ್ನೂ ನನಗೆ ತೋರಿಸಿದರು. ಮುಖ ಸಾಕೆಂದು ಹೋದವರು ಪ್ರತಿ ಬಾಗಿಲ ಮುಂದೆಯೂ ನಿಂತು, ಇಲ್ಲಿ ಯಾರಿದ್ದರೋ, ಹೇಗಿದ್ದರೋ ಎಂದು ಯೋಚಿಸಿದರಂತೆ.

ಮಂಗಮ್ಮ ಬಂದಾಗ ದೊಡ್ಡ ಪ್ರಿಂಟ್ ಕೈಗಿತ್ತರು. ಆಕೆ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇದು ನಮ್ಮನೆ ಅಲ್ಲ ಸಾರ್."

"ಅದೇ ಅಮ್ಮ. ಹುಣಸೆಮರ ನೋಡಿ."

"ಗೋಡೆ ಮೇಲೊಂದು ಕರೀ ಕಲೆ ಇರ್ಬೇಕಿತ್ತಲ್ಲ?"

"ಇತ್ತಿತ್ತು, ಜಿಡ್ಡು. ಅಸಹ್ಯವಾಗಿ ಕಾಣುತ್ತೆ ಅಂತ ನೀಟಾಗಿ ತೆಗೆದ್ಬಿಟ್ಟೆ."

ಮಂಗಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಪ್ಪ ಪಾಳಿ ಮುಗಿಸಿ ಬಂದು, ಮಿಂದು, ತಲೆಗೆ ಎಣ್ಣೆ ಹಚ್ಚಿಕೊಂಡು ದಿನಾ ಅದೇ ಜಾಗದಲ್ಲಿ ಒರಗಿ ಕೂರುತ್ತಿದ್ದರಂತೆ. ಎಷ್ಟು ಸುಣ್ಣ ಹೊಡೆದರೂ ಆ ಎಣ್ಣೆ ಕಲೆ ಮೇಲೆದ್ದು ಬರುತ್ತಿತ್ತಂತೆ. ಈಕೆಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ಒಂದು ಫೋಟೊ ಕೂಡ ತೆಗೆಸಿರಲಿಲ್ಲ.

"ಮಾಲಯ ಅಮಾವಾಸ್ಯೆಗೆ ಅವ್ವನ ಫೋಟೊ ಮುಂದೆ ಎಡೆ ಇಡ್ತೀನಿ. ಅಪ್ಪಂಗೆ ಅಂತ ಇಡೋಕೆ ಏನೂ ಇಲ್ಲ. ಆ ಕಲೆನಾದ್ರೂ ಇರ್ಲಿ ಅಂತ..." ಎಂದವರು ಕಣ್ಣೊರೆಸಿಕೊಂಡು, "ನೀವು ಯಮನ ಫೋಟೊ ತೆಗೆದ್ರೂ ಮೀಸೆ ಒರೆಸ್ತೀರ ಬಿಡಿ!" ಎಂದರು.

ಗುರುಶಾಂತಪ್ಪನವರು ಕಂಪ್ಯೂಟರಿನಲ್ಲಿ ತಡಕಾಡಿದರು. ಮೊದಲಿನ ಚಿತ್ರದ ಮೇಲೇ ತಿದ್ದಿದ್ದರು, ಕ್ಯಾಮೆರಾದಲ್ಲಿದ್ದದ್ದನ್ನೂ ಅಳಿಸಿದ್ದರು. ಅಮಾವಾಸ್ಯೆಗೆ ಎಂಟೇ ದಿನ. ಆ ರಾತ್ರಿ ಜೋರು ಮಳೆ ಬೇರೆ.

"ಆ ಗೋಡೆ ನಿಂತಿರುತ್ತಾ ಅಕ್ಕ?" ಎಂದು ಬೆಳಿಗ್ಗೆ ನನ್ನನ್ನು ಕೇಳಿದರು. ನನಗೇನು ಗೊತ್ತು? ಸ್ಟುಡಿಯೊ ಬಾಗಿಲು ತೆಗೆಯದೆ ಮಾರಿಕುಪ್ಪಂ ರೈಲು ಹಿಡಿಯಲು ಹೊರಟೇಹೋದರು.

ಗೋಡೆ ನಿಂತಿತ್ತು. ಕಲೆಯ ಮೇಲೊಂದು ಹಲ್ಲಿ ಕೂತಿತ್ತಂತೆ. ಅದು ತಾನಾಗಿ ಹೋಗುವವರೆಗೆ ಕಾದು ತೆಗೆದೆ, ಬಿರುಕನ್ನೂ ಮುಟ್ಟಲಿಲ್ಲ ಎಂದರು.

ಅಮಾವಾಸ್ಯೆಯ ದಿನ ಮಂಗಮ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಅವ್ವನ ಪಕ್ಕದಲ್ಲಿ ಗೋಡೆಯ ಫೋಟೊ, ಹೂವಿನ ಹಾರ, ಎದುರಿಗೆ ವಡೆ, ಕಜ್ಜಾಯ. ಅವ್ವನ ಹಣೆಗೆ ಕುಂಕುಮವಿಟ್ಟ ಆಕೆ ಎರಡನೆಯದರ ಮುಂದೆ ಬೆರಳು ಹಿಡಿದು ನಿಂತರು.

"ಇದರಲ್ಲಿ ಹಣೆ ಎಲ್ಲಿ ಬರುತ್ತೆ ಸಾರ್?"

ಗುರುಶಾಂತಪ್ಪನವರು ಎದ್ದು, ಕನ್ನಡಕ ಹಾಕಿಕೊಂಡು, ತಲೆ ಓರೆ ಮಾಡಿ ನೋಡಿದರು.

"ಒರಗಿ ಕೂತಿದಾರಲ್ವಾ, ತಲೆ ಚೂರು ಹಿಂದಕ್ಕಿರುತ್ತೆ. ಇನ್ನೊಂದು ಬೆರಳು ಮೇಲೆ ಹೋಗಿ ಅಮ್ಮ... ಹಾ, ಅಲ್ಲೇ."