ತಾಂಡ್ರ ಒಂದೇ ಗೊತ್ತಿದ್ದ ಓರಗಿತ್ತಿ

ನನ್ನ ಓರಗಿತ್ತಿಯ ಹಣೆಗೆ ಅಡ್ಡವಾಗಿ ಒಂದು ಗೆರೆ ಇತ್ತು. ಗೆರೆಯ ಮೇಲೆ ಬಿಳುಪು, ಕೆಳಗೆ ಬಿಸಿಲಿಗೆ ಸುಟ್ಟ ಕಪ್ಪು. ಮಾವಿನ ಕಾಲದಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡು ಇಡೀ ದಿನ ಮಹಡಿಯ ಮೇಲೆ ಕೂತಿದ್ದುದರ ಗುರುತು ಅದು. ಪೌಡರ್ ಬಳಿದುಕೊಂಡರೆ ಇನ್ನೂ ಎದ್ದು ಕಾಣುತ್ತಿತ್ತು. ನಾನು ಬ್ಯೂಟಿ ಪಾರ್ಲರ್ ಇಟ್ಟಿದ್ದ ಕಾಲದಲ್ಲಿ, "ಬಾರಕ್ಕ, ಅದನ್ನ ತೆಗೆದುಹಾಕ್ತೀನಿ, ದುಡ್ಡೇನೂ ಬೇಡ" ಎಂದು ಕರೆದಿದ್ದೆ. "ನಾಳೆ ಮತ್ತೆ ಮೇಲಕ್ಕೆ ಹೋದ್ರೆ ಬರ್ತದಲ್ಲೇ" ಎಂದು ನಕ್ಕು ಹೊರಟೇಹೋದಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಶ್ರೀನಿವಾಸಪುರದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಅವಳು ಮಾಡುತ್ತಿದ್ದದ್ದು ಮಾವಿನ ತಾಂಡ್ರ. ನಾಟಿ ಹಣ್ಣಿನ ರಸಕ್ಕೆ ಬೆಲ್ಲ ಬೆರೆಸಿ, ಈಚಲು ಚಾಪೆಯ ಮೇಲೆ ತೆಳ್ಳಗೆ ಸವರಿ ಒಣಗಿಸಬೇಕು. ಅದು ಒಣಗಿದ ಮೇಲೆ ಇನ್ನೊಂದು ಪದರ, ಮಾರನೆಯ ದಿನ ಮತ್ತೊಂದು. ಬೆರಳ ಗಾತ್ರ ದಪ್ಪವಾದ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವುದು. ಇಷ್ಟೇ. ಇದು ಬಿಟ್ಟು ಅವಳಿಗೆ ಮತ್ತೊಂದು ವ್ಯಾಪಾರ ಗೊತ್ತಿರಲಿಲ್ಲ. ಊರಿಗೆಲ್ಲ ಅವಳು ತಾಂಡ್ರದಮ್ಮ. ನಾನು? ತಾಂಡ್ರದಮ್ಮನ ಓರಗಿತ್ತಿ!

ನನಗೇನು ಕಡಿಮೆಯಾಗಿತ್ತು, ಹೇಳಿ. ನಾನು ಓದಿದವಳು, ಮೊಬೈಲು ನೋಡಿ ಏನು ಬೇಕಾದರೂ ಕಲಿಯುವವಳು. ಮೊದಲು ಸೀರೆ ತರಿಸಿ ಮನೆಯಲ್ಲೇ ಮಾರಿದೆ. ಆಮೇಲೆ ಪಾರ್ಲರ್. ಅದಾದ ಮೇಲೆ ಕೇಕು, ಸಿರಿಧಾನ್ಯದ ಲಡ್ಡು, ಬಳೆಗೆ ರೇಷ್ಮೆ ದಾರ ಸುತ್ತುವುದು. ಪ್ರತಿಯೊಂದಕ್ಕೂ ಹೊಸ ಹೆಸರು, ಹೊಸ ಬೋರ್ಡು. ಊರಲ್ಲಿ ಒಂದೂ ಯಾರ ಬಾಯಲ್ಲೂ ಉಳಿಯಲಿಲ್ಲ. ನಾನು ಹೊಸದೊಂದನ್ನು ಶುರುಮಾಡಿದಾಗಲೆಲ್ಲ ಅಕ್ಕ ಬಂದು ನೋಡಿ, "ಚಂದಾಗೈತೆ ಕಣೇ. ನಂಗಪ್ಪ, ಒಕಟಿ ಚಾಲು" ಎನ್ನುತ್ತಿದ್ದಳು. ತನಗೆ ಒಂದೇ ಸಾಕಂತೆ. ಅವಳ ಆ ತೆಲುಗು ಕೇಳಿದರೆ ಮೈಯೆಲ್ಲ ಉರಿದುಹೋಗುತ್ತಿತ್ತು.

ನನ್ನ ತಮ್ಮನ ಮದುವೆ ಮುಳಬಾಗಿಲಿನಲ್ಲಿ, ಸುಡುವ ಬೇಸಿಗೆಯಲ್ಲಿ. ಎಲ್ಲರೂ ಬಂದರು, ಅಕ್ಕ ಬರಲಿಲ್ಲ. ಈಗ ಆಡಿಕೊಳ್ಳುತ್ತಾರೆ, ಕೇಳಿಸಿಕೊಳ್ಳೋಣ ಎಂದು ಹೆಂಗಸರ ಪಂಕ್ತಿಯಲ್ಲಿ ಕಿವಿ ಕೊಟ್ಟು ಕೂತೆ. "ಪಾಪ, ತಾಂಡ್ರ ಹಾಕವಳೆ, ಹೆಂಗೆ ಬರ್ತಾಳೆ?" ಎಂದರು ನನ್ನ ಹೆತ್ತ ತಾಯಿಯೇ! ಹಸುಗೂಸು ಬಿಟ್ಟು ಬರಲಾಗದ ಬಾಣಂತಿಯ ಬಗ್ಗೆ ಆಡುವ ಮಾತಿನ ಹಾಗಿತ್ತು ಅದು. ಹಿಂದಿನ ವರ್ಷ ಮದುವಣಗಿತ್ತಿಯ ಮೇಕಪ್ ಒಪ್ಪಿಕೊಂಡು ನಾನೊಂದು ನಾಮಕರಣಕ್ಕೆ ಹೋಗದಿದ್ದಾಗ, "ಇವಳ್ದೇನು ಮಹಾ ಕೆಲಸ" ಎಂದಿದ್ದವರು ಇದೇ ಜನ. ನನಗೆ ಅವಳ ಸಂಪಾದನೆಯ ಮೇಲೆ ಕಣ್ಣಿರಲಿಲ್ಲ. ಅವಳ ಕೆಲಸಕ್ಕಿದ್ದ ಆ ಮರ್ಯಾದೆ ನನಗೆ ಬೇಕಾಗಿತ್ತು.

ಒಮ್ಮೆ ಕೋಲಾರದ ಅಂಗಡಿಯವರೊಬ್ಬರು ಅಕ್ಕನನ್ನು ಹುಡುಕಿಕೊಂಡು ಬಂದರು. "ತಾಂಡ್ರದ ಜೊತೆಗೆ ಉಪ್ಪಿನಕಾಯಿ, ಜಾಮು, ಹಪ್ಪಳ ಎಲ್ಲ ಮಾಡ್ಕೊಡಮ್ಮ, ನಾನೇ ತಗೋತೀನಿ" ಎಂದರು. ಯಾರಾದರೂ ಬಿಡುತ್ತಾರೆಯೇ? ಇವಳು ಬಿಟ್ಟಳು. "ನಂಗೆ ಇದೊಂದೇ ಅಣ್ಣಾ ಬರೋದು. ಅವೆಲ್ಲ ನಮ್ಮ ತಂಗಿ ಮಾಡ್ತಾಳೆ, ಪಕ್ಕದ ಮನೇಲಿ ಕೇಳಿ" ಎಂದು ನನ್ನ ಬಾಗಿಲಿಗೆ ಕಳಿಸಿದಳು. ತಾನು ಬೇಡವೆಂದದ್ದನ್ನು ನನಗೆ ದಾಟಿಸಿದ್ದಳು. ಅವಮಾನವಾಯಿತು, ಆದರೂ ಒಪ್ಪಿಕೊಂಡೆ. ಅಷ್ಟಕ್ಕೇ ಸುಮ್ಮನಾಗದೆ, "ತಾಂಡ್ರಾನೂ ನಾನೇ ಕೊಡ್ತೀನಿ, ಅವಳಿಗಿಂತ ಬೇಗ" ಎಂದುಬಿಟ್ಟೆ.

ಒಲೆಯ ಮೇಲೆ ಜಾಮು, ಅಂಗಳದಲ್ಲಿ ಹಪ್ಪಳ, ಮಹಡಿಯ ಮೇಲೆ ಚಾಪೆ. ಮೇಲಕ್ಕೂ ಕೆಳಕ್ಕೂ ಓಡಿ ಓಡಿ ಸೊಂಟ ಬಿದ್ದುಹೋಯಿತು. ಮೇಲೆ ಮುಟ್ಟಿದರೆ ಕೈಗೆ ಅಂಟುತ್ತಿಲ್ಲ, ಒಣಗಿರಬೇಕು ಎಂದುಕೊಂಡು ಮಧ್ಯಾಹ್ನವೇ ಎರಡನೆಯ ಪದರ ಹಾಕಿದೆ. ನೋಡುವುದಕ್ಕೆ ಚಿನ್ನದ ಹಾಗೆ ಬಂತು. ಕೊಯ್ದರೆ ಒಳಗೆಲ್ಲ ಬೂಷ್ಟು. ಅಂಗಡಿಯವರು ಅಷ್ಟನ್ನೂ ವಾಪಸು ತಂದಿಟ್ಟು ಹೋದರು. ಅಕ್ಕ ಒಂದು ಬಿಲ್ಲೆಯನ್ನು ಬಿಡಿಸಿ, ಮೂಸಿ, "ಕೆಳಗಿನದು ಒಣಗೋಕೆ ಮುಂಚೆ ಮೇಲಿನದು ಹಾಕಿದ್ದೀಯ. ನೀನು ಯಾವಾಗ್ಲೂ ಹಿಂಗೇ ಕಣೇ" ಎಂದಳು. ಆ ಬೇಸಿಗೆ ಪೂರ್ತಿ ನಾನು ಅವಳ ಜೊತೆ ಮಾತು ಬಿಟ್ಟೆ.

ಒಂದೆರಡು ವರ್ಷದ ಮೇಲೆ ಅವಳಿಗೆ ಉಬ್ಬಸ ಹೆಚ್ಚಾಯಿತು, ಮಹಡಿ ಹತ್ತಲಾಗದ ಹಾಗಾಯಿತು. ಒಂದು ದಿನ ಹೇಳಿಕಳಿಸಿದಳು. ಹೋದರೆ, ಚಾಪೆಗಳನ್ನು ಸುತ್ತಿ ಬಾಗಿಲ ಹತ್ತಿರ ಒರಗಿಸಿದ್ದಾಳೆ.

"ತಗೊಂಡು ಹೋಗು. ಆದ್ರೆ ಮಿಕ್ಕಿದ್ದೆಲ್ಲ ಬಿಡಬೇಕು."

"ನಿನ್ನ ಮಗಳಿದ್ದಾಳಲ್ಲಕ್ಕ, ನನಗ್ಯಾಕೆ?"

"ಅವಳಿಗೆ ನನ್ನ ಮೇಲೆ ಪ್ರೀತಿ. ಎರಡು ವರ್ಷ ಮಾಡಿ ಬಿಡ್ತಾಳೆ. ನಿಂಗೆ ಹೊಟ್ಟೆಕಿಚ್ಚು ಕಣೇ. ನನ್ನ ಮೀರ್ಸೋ ತನಕ ನೀನು ಬಿಡಲ್ಲ."

ಅಬ್ಬಾ! ಇಷ್ಟು ವರ್ಷ ಒಳಗೊಳಗೇ ಬೇಯಿಸಿಕೊಂಡಿದ್ದನ್ನು ಅವಳು ಗೋಡೆಯಾಚೆ ಕೂತು ನೋಡುತ್ತಲೇ ಇದ್ದಳು. ಸಿಟ್ಟಿನಲ್ಲೇ ಚಾಪೆ ಎತ್ತಿಕೊಂಡೆ. ಆ ಬೇಸಿಗೆ ಅವಳು ಕೆಳಗೆ ಮಂಚದ ಮೇಲಿಂದ ಕೂಗಿ ಹೇಳುವುದು, ನಾನು ಮೇಲಿಂದ ಬೈದುಕೊಂಡು ಸವರುವುದು. ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಒಣಗಿದ್ದನ್ನು ತಂದು ಕೊಟ್ಟೆ. ಚೆನ್ನಾಗಿದೆ ಎಂದು ಒಂದು ಮಾತು ಹೇಳುತ್ತಾಳೇನೋ ಎಂದು ಬಾಯಿ ನೋಡುತ್ತ ನಿಂತೆ. ನಿಧಾನವಾಗಿ ಚಪ್ಪರಿಸಿ, "ಇನ್ನೊಂದು ಕೊಡೇ" ಎಂದು ಕೈ ಚಾಚಿದಳು. ಅಷ್ಟೇ. ಆ ವರ್ಷದ ಚಳಿಗಾಲದಲ್ಲಿ ಅವಳು ಹೋಗಿಬಿಟ್ಟಳು.

ಮುಂದಿನ ಬೇಸಿಗೆಯ ತಾಂಡ್ರ ಪೂರ್ತಿ ನನ್ನದೇ, ಹಣ್ಣು ಆರಿಸಿದ್ದರಿಂದ ಹಿಡಿದು. ಯಲ್ದೂರಿನಿಂದ ಬರುತ್ತಿದ್ದ ಅವಳ ಹಳೆಯ ಗಿರಾಕಿ ಅಜ್ಜಿಯೊಬ್ಬರು ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲಿ ನೀರು. "ಅಯ್ಯೋ, ನಿಮ್ಮಕ್ಕ ಹಾಕಿದ್ದು ಇನ್ನೂ ಉಳಿದಿತ್ತೇನಮ್ಮ?" ಎಂದರು.

"ನಾನು ಹಾಕಿದ್ದು ಕಣಜ್ಜಿ! ನಾನು!" ಎಂದು ಬೀದಿಗೆ ಕೇಳಿಸುವ ಹಾಗೆ ಕೂಗಿದೆ. ಅಜ್ಜಿ ಬೆಚ್ಚಿಬಿದ್ದರು. ಎಷ್ಟು ಬೆವರು ಸುರಿಸಿದರೂ ಹೆಸರು ಅವಳಿಗೇ ಹೋಯಿತಲ್ಲ ಎಂದು ಹೊಟ್ಟೆ ಧಗಧಗ ಉರಿಯಿತು. ನೇರ ಪಕ್ಕದ ಮನೆಗೆ ನುಗ್ಗಿ, ಮಂಚದ ಮುಂದೆ ನಿಂತು ಚೆನ್ನಾಗಿ ಜಗಳ ಆಡಬೇಕು ಎಂದು ಹೊಸ್ತಿಲು ದಾಟಿಯೇಬಿಟ್ಟೆ. ಜಗಳ ಆಡೋಣ ಎಂದರೆ ಅಕ್ಕ ಇಲ್ಲ.